ನಾಲ್ಕು ಔಷಧ ಕ್ಷಯಕ್ಕೆ, ಮಿಕ್ಕ ಕ್ರಿಮಿಗಳಿಗೆ ಒಂದೇ

ಕ್ಷಯರೋಗದ ಪ್ರಯೋಗಾಲಯಕ್ಕೆ ಸೇರಿದ ಮೊದಲ ವಾರವೇ ನನಗೆ ತಿಳಿದದ್ದು, ಇಲ್ಲಿ ಕ್ಷಯದ ಕ್ರಿಮಿಯನ್ನು ಬೆಳೆಸುವುದಕ್ಕಿಂತ ಮಿಕ್ಕವನ್ನು ಕೊಲ್ಲುವುದೇ ದೊಡ್ಡ ಕೆಲಸ ಎಂದು. ಕ್ಷಯದ ಕ್ರಿಮಿ ಒಂದು ಎರಡಾಗಲು ಹೆಚ್ಚುಕಡಿಮೆ ಒಂದು ದಿನ ಹಿಡಿಯುತ್ತದೆ. ಕಫದಲ್ಲಿ ಅದರ ಜೊತೆಗೇ ಬರುವ ಬೇರೆ ಬ್ಯಾಕ್ಟೀರಿಯಾಗಳಲ್ಲಿ ಹಲವು ಅರ್ಧ ಗಂಟೆಯಲ್ಲಿ ಆ ಕೆಲಸ ಮುಗಿಸಿಬಿಡುತ್ತವೆ. ಅವನ್ನು ಹಾಗೆಯೇ ಬಿಟ್ಟರೆ ಎರಡು ದಿನದಲ್ಲಿ ಇಡೀ ಬಾಟಲಿ ಅವುಗಳ ಪಾಲಾಗುತ್ತದೆ. ಆದ್ದರಿಂದ ಕಫಕ್ಕೆ ಅಷ್ಟೇ ಪ್ರಮಾಣದ ಕಾಸ್ಟಿಕ್ ಸೋಡಾ ದ್ರಾವಣ ಬೆರೆಸಿ ಹದಿನೈದು ನಿಮಿಷ ಇಡುತ್ತೇವೆ. ಮೇಣದಂಥ ಗೋಡೆಯಿರುವ ಕ್ಷಯದ ಕ್ರಿಮಿ ಅದನ್ನು ತಡೆದುಕೊಳ್ಳುತ್ತದೆ, ಉಳಿದವು ಬಹುಪಾಲು ಸಾಯುತ್ತವೆ. ಅದರ ಮೇಲೆ, ಕ್ರಿಮಿ ಬೆಳೆಸಲು ಮೊಟ್ಟೆಯಿಂದ ಮಾಡಿದ ಲೋವೆನ್‌ಸ್ಟೀನ್–ಜೆನ್ಸನ್ ಮಾಧ್ಯಮಕ್ಕೆ ಮಿಕ್ಕವನ್ನು ತಡೆಯುವ ಮ್ಯಾಲಕೈಟ್ ಗ್ರೀನ್ ಎಂಬ ಬಣ್ಣ. ದ್ರವ ಮಾಧ್ಯಮವಾದರೆ ಐದು ಔಷಧಗಳ ಮಿಶ್ರಣ. ಇಷ್ಟೆಲ್ಲ ಮಾಡಿಯೂ ಉಳಿದುಕೊಂಡವು ಬಂದರೆ ರಿಜಿಸ್ಟರಿನಲ್ಲಿ ಕೆಂಪು ಶಾಯಿಯಲ್ಲಿ 'ಕಂಟಾಮಿನೇಟೆಡ್' (ಬೇರೆ ಕ್ರಿಮಿ ಬೆರೆತು ಕೆಟ್ಟಿದೆ) ಎಂದು ಬರೆದು, ಬಾಟಲಿಯನ್ನು ಬಿಸಿ ಹಬೆಯಲ್ಲಿ ಕ್ರಿಮಿ ಕೊಲ್ಲುವ ಆಟೋಕ್ಲೇವ್‌ಗೆ ಹಾಕುತ್ತಿದ್ದೆ. ಹತ್ತು ವರ್ಷಕ್ಕಿಂತ ಹೆಚ್ಚು ಕಾಲ ಆ ಕೆಂಪು ಶಾಯಿಯ ಆಚೆ ಏನಿದೆ ಎಂದು ನಾನು ಕೇಳಿಕೊಳ್ಳಲಿಲ್ಲ.

ಕೇಳಿಸಿದ್ದು ಎದೆರೋಗ ವಿಭಾಗದ ಒಬ್ಬ ವೈದ್ಯ ಮಿತ್ರರು. ಕ್ಷಯದ ಚಿಕಿತ್ಸೆ ಪೂರ್ತಿ ಮುಗಿಸಿದ್ದ ಒಬ್ಬರು ವರ್ಷ ಕಳೆಯುವುದರೊಳಗೆ ಮತ್ತೆ ಕೆಮ್ಮಿಕೊಂಡು ಬಂದಿದ್ದರು. ದಿನವಿಡೀ ಹಳದಿ ಕಫ, ಸಂಜೆಯಾದರೆ ಮೈ ಬಿಸಿ. ಸೂಕ್ಷ್ಮದರ್ಶಕದಲ್ಲಿ ಕ್ಷಯದ ಕ್ರಿಮಿ ಕಾಣಲಿಲ್ಲ. ಕಫದ ಕ್ರಿಮಿ ಬೆಳೆಸಿ ನೋಡುವ ಕಲ್ಚರ್ ಎರಡು ಸಲವೂ ಕೆಟ್ಟಿತು. ಎರಡನೆಯ ಬಾರಿ ನಾನು ಫೋನ್ ಮಾಡಿ 'ಕಂಟಾಮಿನೇಟೆಡ್, ಮತ್ತೊಂದು ಸ್ಯಾಂಪಲ್ ಕಳಿಸಿ' ಎಂದಾಗ ಅವರು ಕೇಳಿದರು: "ಮೇಡಂ, ಕೆಡಿಸಿದ್ದು ಯಾವುದು?" ಬಾಟಲಿ ಇನ್ನೂ ಆಟೋಕ್ಲೇವ್‌ಗೆ ಹೋಗಿರಲಿಲ್ಲ. ಮೊಟ್ಟೆಯ ಮಾಧ್ಯಮ ಕರಗಿ ನೀರಾಗಿತ್ತು. ಅದರಿಂದ ಒಂದು ಎಳೆ ತೆಗೆದು ರಕ್ತ ಬೆರೆಸಿದ ಬ್ಲಡ್ ಅಗರ್ ಪ್ಲೇಟಿನ ಮೇಲೆ ಗೀರಿದೆ. ಮಾರನೆಯ ಬೆಳಿಗ್ಗೆ ಲೋಹದ ಹೊಳಪಿನ ಚಪ್ಪಟೆ ಗುಂಪುಗಳು, ಸುತ್ತ ಹಸಿರು ಛಾಯೆ. ಸ್ಯೂಡೊಮೊನಾಸ್ ಎಂಬ ಬ್ಯಾಕ್ಟೀರಿಯಾ. ಹೊಸ ಕಫ ತರಿಸಿ ಸಾದಾ ಕಲ್ಚರ್ ಮಾಡಿದಾಗಲೂ ಅದೇ ಸಿಕ್ಕಿತು. ಕ್ಷಯ ವಾಸಿಯಾದ ಮೇಲೆ ಅವರ ಶ್ವಾಸನಾಳಗಳು ಹಿಗ್ಗಿ, ಕಫ ನಿಲ್ಲುವ ಗುಂಡಿಗಳಾಗಿದ್ದವು. ಆ ಗುಂಡಿಗಳಲ್ಲಿ ಇದು ಮನೆ ಮಾಡಿತ್ತು. ಕ್ಷಯದ ಮಾತ್ರೆಗಳನ್ನು ಮತ್ತೆ ಆರು ತಿಂಗಳು ಕೊಡಲು ಸಿದ್ಧತೆ ನಡೆದಿತ್ತು. ಅದು ನಿಂತು, ಸರಿಯಾದ ಆ್ಯಂಟಿಬಯಾಟಿಕ್ ಶುರುವಾಯಿತು. ನಾನು ಕಸ ಎಂದು ಎಸೆಯುತ್ತಿದ್ದುದರಲ್ಲೇ ಅವರ ಕಾಯಿಲೆಯ ಉತ್ತರವಿತ್ತು.

ಅಲ್ಲಿಂದ ನನಗೊಂದು ಹಟ ಹುಟ್ಟಿತು. ಕ್ಷಯದ ಚಿಕಿತ್ಸೆ ಶುರುವಾದ ದಿನದಿಂದ ಮುಗಿಯುವವರೆಗೆ ಮತ್ತು ಅದರ ನಂತರವೂ, ಮೂಗು, ಗಂಟಲು, ಶ್ವಾಸನಾಳದ ಈ ಮಿಕ್ಕ ನಿವಾಸಿಗಳಿಗೆ ಏನಾಗುತ್ತದೆ ಎಂದು ಕೆಲವೇ ರೋಗಿಗಳಲ್ಲಾದರೂ ಕಣ್ಣಾರೆ ನೋಡಬೇಕು ಎಂದು. ಆರೋಗ್ಯವಂತರ ಶ್ವಾಸಕೋಶದಲ್ಲಿ ಯಾವ ಬ್ಯಾಕ್ಟೀರಿಯಾವೂ ಇರುವುದಿಲ್ಲ ಎಂದು ನಾನು ಓದುವ ಕಾಲದಲ್ಲಿ ಹೇಳಿಕೊಡುತ್ತಿದ್ದರು. ಅದು ಸರಿಯಲ್ಲ ಎಂದು ಕಳೆದ ಹದಿನೈದು ವರ್ಷಗಳಲ್ಲಿ ಡಿಎನ್‌ಎ ವಿಧಾನಗಳು ತೋರಿಸಿವೆ. ನಿದ್ದೆಯಲ್ಲಿ ನಮಗೆ ಗೊತ್ತಿಲ್ಲದೆ ಚೂರುಪಾರು ಎಂಜಲು ಕೆಳಗಿಳಿಯುತ್ತಲೇ ಇರುತ್ತದೆ. ಅದರ ಜೊತೆಗೆ ಬಾಯಿಯ ಬ್ಯಾಕ್ಟೀರಿಯಾಗಳಾದ ಸ್ಟ್ರೆಪ್ಟೊಕಾಕಸ್, ಪ್ರೆವೊಟೆಲ್ಲಾ, ವಿಲೊನೆಲ್ಲಾಗಳೂ ಇಳಿಯುತ್ತವೆ. ಕೆಮ್ಮು, ಲೋಳೆ, ರೋಗನಿರೋಧಕ ಕೋಶಗಳು ಅವನ್ನು ಗುಡಿಸಿ ಹೊರಹಾಕುತ್ತಲೇ ಇರುತ್ತವೆ. ಅಂದರೆ ಅಲ್ಲಿರುವುದು ಕಾಯಂ ಊರಲ್ಲ, ಬಂದು ಹೋಗುವವರ ಸಂತೆ.

ನೈತಿಕ ಸಮಿತಿಯ ಒಪ್ಪಿಗೆ ಸಿಕ್ಕಿತು, ರೋಗಿಗಳ ಒಪ್ಪಿಗೆ ಪತ್ರವನ್ನು ಕನ್ನಡದಲ್ಲೇ ಬರೆದೆವು. ಕಷ್ಟ ಶುರುವಾದದ್ದು ಅದರ ನಂತರ.

ಮೊದಲ ಕಷ್ಟ, 'ಚಿಕಿತ್ಸೆಗೆ ಮುಂಚೆ' ಎಂಬ ದಿನವೇ ಸಿಗದಿರುವುದು. ಕ್ಷಯ ಎಂದು ಗೊತ್ತಾಗುವ ಹೊತ್ತಿಗೆ ನಮ್ಮ ರೋಗಿಗಳು ಎರಡು-ಮೂರು ಕಡೆ ತೋರಿಸಿಕೊಂಡು ಬಂದಿರುತ್ತಾರೆ. ಒಬ್ಬರು ಅಜಿಥ್ರೊಮೈಸಿನ್ ಬರೆದಿರುತ್ತಾರೆ, ಇನ್ನೊಬ್ಬರು ಅಮಾಕ್ಸಿಸಿಲಿನ್. ಕೆಲವೊಮ್ಮೆ ಔಷಧದ ಅಂಗಡಿಯವರೇ ಕೊಟ್ಟಿರುತ್ತಾರೆ. 'ಏನಾದರೂ ಮಾತ್ರೆ ತಗೊಂಡಿದ್ದೀರಾ' ಎಂದರೆ 'ಇಲ್ಲ' ಎನ್ನುತ್ತಾರೆ. ಮನೆಯಲ್ಲಿರುವ ಖಾಲಿ ಸ್ಟ್ರಿಪ್‌ಗಳನ್ನೆಲ್ಲ ತನ್ನಿ ಎಂದು ಆಶಾ ಕಾರ್ಯಕರ್ತೆಯ ಮೂಲಕ ಹೇಳಿಸಿದ ಮೇಲೆ ಚೀಲದ ತುಂಬ ಬಂದವು. ಹಿಂದಿನ ಒಂದು ತಿಂಗಳಲ್ಲಿ ಬೇರೆ ಆ್ಯಂಟಿಬಯಾಟಿಕ್ ತೆಗೆದುಕೊಂಡವರನ್ನು ಬಿಟ್ಟುಬಿಡೋಣ ಎಂದು ಹೊರಟಿದ್ದೆ. ಹಾಗೆ ಮಾಡಿದರೆ ಯಾರೂ ಉಳಿಯುವುದಿಲ್ಲ ಎಂದು ಗೊತ್ತಾಗಿ, ಬಿಡುವ ಬದಲು ಪ್ರತಿಯೊಬ್ಬರದೂ ದಿನಾಂಕ ಸಹಿತ ಬರೆದಿಟ್ಟುಕೊಂಡೆ. ಇಂಥ ಕೆಲಸಕ್ಕೆ ಕೈಹಾಕುವವರಿಗೆ ನಾನು ಹೇಳುವುದಾದರೆ ಸ್ಟ್ರಿಪ್‌ಗಳ ಚೀಲದಿಂದ ಆರಂಭಿಸಿ, ಡಿಎನ್‌ಎ ಓದುವ ಯಂತ್ರದಿಂದಲ್ಲ.

ಎರಡನೆಯದು ಕಫವೇ. ನಾವು ಹೊಂಗೆ ಮರದ ಕೆಳಗೆ, ಗಾಳಿಯಾಡುವ ಜಾಗದಲ್ಲಿ ಕಫ ತೆಗೆಸುತ್ತೇವೆ. ಮೊದಲು ಸಾದಾ ನೀರಿನಿಂದ ಬಾಯಿ ಮುಕ್ಕಳಿಸಬೇಕು, ಎಲೆ-ಅಡಿಕೆ ಹಾಕಿಕೊಂಡಿದ್ದರೆ ಇನ್ನೊಮ್ಮೆ ಮುಕ್ಕಳಿಸಬೇಕು. ಆಮೇಲೆ ಆಳವಾಗಿ ಎರಡು ಸಲ ಉಸಿರೆಳೆದು, ಮೂರನೆಯದರಲ್ಲಿ ಎದೆಯಿಂದ ಕೆಮ್ಮಬೇಕು. ಮುಕ್ಕಳಿಸಿದ ನೀರನ್ನೂ ಒಂದು ಡಬ್ಬಿಯಲ್ಲಿ ಹಿಡಿದಿಟ್ಟುಕೊಳ್ಳುತ್ತಿದ್ದೆ. ಕಫ ಹೊರಬರುವುದು ಬಾಯಿಯ ದಾರಿಯಲ್ಲೇ ತಾನೆ, ಬಾಯಿಯಲ್ಲಿ ಏನಿದೆ ಎಂದು ಗೊತ್ತಿಲ್ಲದಿದ್ದರೆ ಕಫದಲ್ಲಿ ಕಂಡದ್ದು ಎದೆಯದೋ ಹಲ್ಲಿನ ಸಂದಿಯದೋ ಹೇಳಲಾಗುವುದಿಲ್ಲ.

ಎರಡು ತಿಂಗಳ ನಂತರ ಇನ್ನೊಂದು ಪೇಚು. ದರ್ಜಿ ಕೆಲಸ ಮಾಡುವ ಹಿರಿಯರೊಬ್ಬರು ಮೊದಲ ದಿನ ಡಬ್ಬಿ ಅರ್ಧ ತುಂಬುವಷ್ಟು ಗಟ್ಟಿ ಕಫ ಕೊಟ್ಟಿದ್ದರು, ಸೂಕ್ಷ್ಮದರ್ಶಕದಲ್ಲಿ 3+, ಅಂದರೆ ಕ್ಷಯದ ಕ್ರಿಮಿ ಅತಿ ಹೆಚ್ಚು ಕಾಣುವ ದರ್ಜೆ, ಇತ್ತು. ಎರಡನೆಯ ತಿಂಗಳು ಬಂದಾಗ ಮುಖ ತುಂಬಿಕೊಂಡಿತ್ತು.

"ಯಜಮಾನರೇ, ಸ್ವಲ್ಪ ಜೋರಾಗಿ ಕೆಮ್ಮಿ ನೋಡಿ."

"ಎಲ್ಲಿಂದ ತರಲಿ ಮೇಡಂ, ಕಫವೇ ಬರುವುದಿಲ್ಲ. ಗುಣವಾಯಿತಲ್ಲ!"

ಅವರ ಸಂತೋಷ ನೋಡಿ ನನಗೂ ಸಂತೋಷವಾಯಿತು. ಡಬ್ಬಿಯಲ್ಲಿ ಮಾತ್ರ ನೊರೆನೊರೆಯಾದ ಎಂಜಲಿತ್ತು. ಮೊದಲ ದಿನದ ಕೀವಿನಂಥ ಕಫವನ್ನು ಎರಡನೆಯ ತಿಂಗಳ ಎಂಜಲಿನೊಂದಿಗೆ ಹೋಲಿಸಿ 'ಔಷಧದಿಂದ ಬ್ಯಾಕ್ಟೀರಿಯಾ ಬದಲಾದವು' ಎಂದು ಬರೆಯುವುದು ಬಹಳ ಸುಲಭ. ಬದಲಾದದ್ದು ಸ್ಯಾಂಪಲ್ಲೇ ಎಂಬುದು ಆ ಡಬ್ಬಿಯನ್ನು ಕೈಯಲ್ಲಿ ಹಿಡಿದವರಿಗೆ ಮಾತ್ರ ಗೊತ್ತು. ಆಮೇಲೆ ಎಲ್ಲರಿಗೂ, ಮೊದಲ ದಿನವೂ ಸೇರಿ, ಉಪ್ಪುನೀರಿನ ಹಬೆ ಎಳೆಸಿಯೇ ಕಫ ತೆಗೆಸುವ ಕ್ರಮ ಮಾಡಿಕೊಂಡೆ. ಹಬೆ ಕೊಡುವಾಗ ಕ್ಷಯ ಹರಡುವ ಅಪಾಯ ಹೆಚ್ಚು. ಬಯಲಿನಲ್ಲೇ, ಎನ್-95 ಮಾಸ್ಕ್ ಹಾಕಿಕೊಂಡೇ ಮಾಡಿದೆವು.

ಮೂರನೆಯದು ನನ್ನನ್ನು ಎರಡು ತಿಂಗಳು ಹಿಂದಕ್ಕೆ ತಳ್ಳಿತು. ಕಫವನ್ನು ತೆಳುವಾಗಿಸಿ, ಶಾಖದಲ್ಲಿ ಕ್ರಿಮಿಗಳನ್ನು ಸಾಯಿಸಿ, ಸಣ್ಣ ಗಾಜಿನ ಮಣಿಗಳ ಜೊತೆ ಜೋರಾಗಿ ಕುಲುಕಿ ಡಿಎನ್‌ಎ ತೆಗೆಯಬೇಕು. ಮಣಿ ಹಾಕದಿದ್ದರೆ ಗಟ್ಟಿ ಗೋಡೆಯವು ಒಡೆಯುವುದೇ ಇಲ್ಲ, ಮೆತ್ತನೆಯವು ಮಾತ್ರ ಲೆಕ್ಕಕ್ಕೆ ಬರುತ್ತವೆ. ಅದರಲ್ಲಿ 16ಎಸ್ ಎಂಬ ಜೀನಿನ ಒಂದು ತುಂಡನ್ನು ಓದಿಸಿದರೆ ಯಾವ ಜಾತಿಯ ಬ್ಯಾಕ್ಟೀರಿಯಾ ಎಷ್ಟು ಪಾಲು ಎಂದು ತಿಳಿಯುತ್ತದೆ. ಪ್ರತಿ ಸುತ್ತಿನಲ್ಲೂ ಏನನ್ನೂ ಹಾಕದ ಒಂದು ಖಾಲಿ ಕೊಳವೆಯನ್ನು ಅದೇ ಕ್ರಮಕ್ಕೆ ಒಳಪಡಿಸುತ್ತಿದ್ದೆ. ಒಮ್ಮೆ ಆ ಖಾಲಿ ಕೊಳವೆಯಲ್ಲೇ ಬ್ಯಾಕ್ಟೀರಿಯಾಗಳು ಬಂದವು. ಮಣ್ಣು-ನೀರಿನಲ್ಲಿ ಇರುವಂಥವು, ರಾಲ್‌ಸ್ಟೋನಿಯಾ ಮೊದಲಾದವು. ಡಿಎನ್‌ಎ ತೆಗೆಯುವ ಕಿಟ್‌ನಲ್ಲೇ ಇದ್ದವು. ಎರಡನೆಯ ತಿಂಗಳ ತೆಳು ಸ್ಯಾಂಪಲ್‌ಗಳಲ್ಲಿ ನಾನು 'ಹೊಸದಾಗಿ ಕಾಣಿಸಿಕೊಂಡ ಬ್ಯಾಕ್ಟೀರಿಯಾ' ಎಂದು ಸಂಭ್ರಮದಿಂದ ಗುರುತು ಹಾಕಿಕೊಂಡಿದ್ದವೂ ಅವೇ. ಆ ಸುತ್ತನ್ನು ಪೂರ್ತಿ ಬಿಟ್ಟು ಮತ್ತೆ ಮಾಡಿದೆ. ಖಾಲಿ ಕೊಳವೆಗೆ ಖರ್ಚು ಮಾಡಲು ಹಿಂಜರಿಯುವವರನ್ನು ನೋಡಿದಾಗ ನನಗೆ ಈಗಲೂ ಆತಂಕವಾಗುತ್ತದೆ.

ಇಷ್ಟೆಲ್ಲ ಆದ ಮೇಲೆ ಕಂಡದ್ದೇನು? 3+ ಇದ್ದವರ ಕಫದಲ್ಲೂ ಕ್ಷಯದ ಕ್ರಿಮಿಯ ಡಿಎನ್‌ಎ ಪಾಲು ತೀರ ಸಣ್ಣದು. ಸ್ಟ್ರೆಪ್ಟೊಕಾಕಸ್, ಪ್ರೆವೊಟೆಲ್ಲಾ, ನೈಸೀರಿಯಾ, ವಿಲೊನೆಲ್ಲಾ, ರೋಥಿಯಾಗಳದೇ ಸಿಂಹಪಾಲು. ಚಿಕಿತ್ಸೆಯ ಎರಡನೆಯ ತಿಂಗಳಿಗೆ ಹಲವರಲ್ಲಿ ನೈಸೀರಿಯಾ ಮತ್ತು ಹೀಮೊಫಿಲಸ್ ಕುಗ್ಗಿದವು, ಸ್ಟ್ರೆಪ್ಟೊಕಾಕಸ್ ಪಾಲು ಏರಿತು. 'ಏರಿತು' ಎಂಬ ಮಾತಿನಲ್ಲಿ ಒಂದು ಮೋಸವಿದೆ. ಊಟದ ಪಂಕ್ತಿಯಲ್ಲಿ ಅರ್ಧ ಜನ ಎದ್ದು ಹೋದರೆ ಕುಳಿತವರ ಪಾಲು ದೊಡ್ಡದಾಗಿ ಕಾಣುತ್ತದೆ, ಅವರೇನೂ ಹೆಚ್ಚಾಗಿರುವುದಿಲ್ಲ. ಹಾಗಾಗಿ ಒಟ್ಟು ಬ್ಯಾಕ್ಟೀರಿಯಾ ಎಷ್ಟು ಎಂಬುದನ್ನೂ ಬೇರೆ ಪರೀಕ್ಷೆಯಿಂದ ಅಳೆದೆ. ಅಳೆದಾಗ ಕೆಲವರಲ್ಲಿ ಒಟ್ಟು ಸಂಖ್ಯೆಯೇ ಇಳಿದಿತ್ತು, ಸ್ಟ್ರೆಪ್ಟೊಕಾಕಸ್ ಇದ್ದಲ್ಲೇ ಇತ್ತು. ನನಗೆ ಹೆಚ್ಚು ಗಮನಾರ್ಹವಾಗಿ ತೋರಿದ್ದು ಇನ್ನೊಂದು ಸಂಗತಿ: ಒಬ್ಬರಿಗೂ ಇನ್ನೊಬ್ಬರಿಗೂ ಇದ್ದ ವ್ಯತ್ಯಾಸ, ಒಬ್ಬರಲ್ಲೇ ಚಿಕಿತ್ಸೆಯ ಮುಂಚೆ ಮತ್ತು ನಂತರ ಕಂಡ ವ್ಯತ್ಯಾಸಕ್ಕಿಂತ ದೊಡ್ಡದಾಗಿತ್ತು. ಬೀಡಿ, ಹಲ್ಲಿನ ಸ್ಥಿತಿ, ಒಲೆಯ ಹೊಗೆ, ಹಿಂದೆ ನುಂಗಿದ ಮಾತ್ರೆಗಳು ಎಲ್ಲವೂ ತಮ್ಮ ಗುರುತು ಬಿಟ್ಟಿರುತ್ತವೆ. ಕರುಳಿನಲ್ಲಿ ಚಿತ್ರ ಇದಕ್ಕಿಂತ ಸ್ಪಷ್ಟ. 2017ರಲ್ಲಿ ಪ್ರಕಟವಾದ, ಹೈಟಿಯ ರೋಗಿಗಳ ಮೇಲಿನ ಅಧ್ಯಯನವೊಂದು ಕ್ಷಯದ ಚಿಕಿತ್ಸೆ ಕರುಳಿನ ಬ್ಯಾಕ್ಟೀರಿಯಾಗಳಲ್ಲಿ ಮಾಡಿದ ಬದಲಾವಣೆ ಚಿಕಿತ್ಸೆ ನಿಂತು ವರ್ಷ ಕಳೆದರೂ ಉಳಿದಿತ್ತು ಎಂದು ತೋರಿಸಿತ್ತು. ಶ್ವಾಸನಾಳದಲ್ಲಿ ಮೇಲಿನಿಂದ ಹೊಸಬರು ಇಳಿಯುತ್ತಲೇ ಇರುವುದರಿಂದ ಜಾಗ ಬೇಗ ತುಂಬಿಕೊಳ್ಳುತ್ತದೆ ಎಂದು ನನ್ನ ಅಭಿಪ್ರಾಯ.

ಆದರೆ ಡಿಎನ್‌ಎಯ ಈ ಪಟ್ಟಿ ಯಾರು ಇದ್ದಾರೆ ಎಂದು ಹೇಳುತ್ತದೆ, ಇದ್ದವರ ಸ್ವಭಾವ ಬದಲಾಗಿದೆಯೇ ಎಂದು ಹೇಳುವುದಿಲ್ಲ. ಅದಕ್ಕೆ ನಾನು ಹಳೆಯ ಪ್ಲೇಟುಗಳಿಗೇ ಮರಳಿದೆ.

ಕ್ಷಯದ ಚಿಕಿತ್ಸೆಯ ಮೊದಲ ಎರಡು ತಿಂಗಳು ನಾಲ್ಕು ಔಷಧಗಳಿರುತ್ತವೆ: ಐಸೊನಿಯಾಜಿಡ್, ರಿಫಾಂಪಿಸಿನ್, ಪೈರಾಜಿನಮೈಡ್, ಎಥಾಂಬ್ಯುಟಾಲ್. ಆಮೇಲೆ ನಾಲ್ಕು ತಿಂಗಳು ಪೈರಾಜಿನಮೈಡ್ ಬಿಟ್ಟು ಉಳಿದ ಮೂರು. ಇಷ್ಟು ಔಷಧ ಏಕೆ ಎಂದು ರೋಗಿಗಳು ಕೇಳುತ್ತಾರೆ. ಒಂದನ್ನೇ ಕೊಟ್ಟರೆ ಕೋಟ್ಯಂತರ ಕ್ರಿಮಿಗಳಲ್ಲಿ ಅದಕ್ಕೆ ಜಗ್ಗದ ಒಂದೆರಡು ಉಳಿದು, ಅವೇ ಬೆಳೆದು ನಿಲ್ಲುತ್ತವೆ. ಒಂದರಿಂದ ತಪ್ಪಿಸಿಕೊಂಡದ್ದನ್ನು ಇನ್ನೊಂದು ಹಿಡಿಯಲಿ ಎಂಬುದು ಲೆಕ್ಕ. ಇದು ಎಲ್ಲರಿಗೂ ಗೊತ್ತಿರುವ ಪಾಠ, ನಾನೂ ನೂರಾರು ಸಲ ಹೇಳಿದ್ದೇನೆ.

ಇದೇ ಲೆಕ್ಕವನ್ನು ಮೂಗಿನಲ್ಲಿರುವ ಸ್ಟ್ಯಾಫಿಲೊಕಾಕಸ್ ಎಂಬ ಒಂದು ಬ್ಯಾಕ್ಟೀರಿಯಾದ ಕಡೆಯಿಂದ ನೋಡಿ. ಐಸೊನಿಯಾಜಿಡ್ ಮತ್ತು ಎಥಾಂಬ್ಯುಟಾಲ್ ಹೊಡೆಯುವುದು ಕ್ಷಯದ ಕ್ರಿಮಿಯ ಮೇಣದ ಗೋಡೆಯನ್ನು ಕಟ್ಟುವ ಕೆಲಸವನ್ನು; ಸ್ಟ್ಯಾಫಿಲೊಕಾಕಸ್‌ಗೆ ಆ ಗೋಡೆಯೇ ಇಲ್ಲ. ಪೈರಾಜಿನಮೈಡ್‌ನ ಹೊಡೆತವೂ ಅದಕ್ಕೆ ತಾಗುವುದಿಲ್ಲ. ಉಳಿದದ್ದು ರಿಫಾಂಪಿಸಿನ್ ಒಂದೇ. ಅದು ಡಿಎನ್‌ಎಯಿಂದ ಆರ್‌ಎನ್‌ಎ ಬರೆಯುವ ಯಂತ್ರವನ್ನು ಹಿಡಿದು ನಿಲ್ಲಿಸುತ್ತದೆ, ಆ ಯಂತ್ರ ಎಲ್ಲ ಬ್ಯಾಕ್ಟೀರಿಯಾಗಳಲ್ಲೂ ಇದೆ. ಮೂತ್ರವನ್ನು, ಕಣ್ಣೀರನ್ನು, ಎಂಜಲನ್ನು ಕಿತ್ತಳೆ ಬಣ್ಣಕ್ಕೆ ತಿರುಗಿಸುವ ಔಷಧ ಇದೇ, ಅಂದರೆ ಮೂಗು-ಗಂಟಲಿನ ಸ್ರಾವಗಳಿಗೂ ಚೆನ್ನಾಗಿಯೇ ತಲುಪುತ್ತದೆ. ಹೀಗೆ ಕ್ಷಯದ ಕ್ರಿಮಿಯ ಪಾಲಿಗೆ ನಾಲ್ಕು ಔಷಧಗಳ ಕಟ್ಟುನಿಟ್ಟಿನ ಚಿಕಿತ್ಸೆಯಾಗಿರುವುದು ಮೂಗಿನ ಸ್ಟ್ಯಾಫಿಲೊಕಾಕಸ್‌ನ ಪಾಲಿಗೆ ಆರು ತಿಂಗಳ ಒಂಟಿ ಔಷಧ. ಮೆದುಳುಪೊರೆಯ ಜ್ವರ ತರುವ ಮೆನಿಂಗೊಕಾಕಸ್ ಅನ್ನು ಗಂಟಲಿನಿಂದ ತೆಗೆಯಲು ಇದೇ ರಿಫಾಂಪಿಸಿನ್ ಅನ್ನು ಒಂಟಿಯಾಗಿ ಕೊಡುತ್ತಾರೆ, ಎರಡೇ ದಿನ. ನಮ್ಮಲ್ಲಿ 50ರಿಂದ 64 ಕಿಲೊ ತೂಗುವ ಕ್ಷಯರೋಗಿ ನುಂಗುವುದು ದಿನಕ್ಕೆ ನಾಲ್ಕು ಮಾತ್ರೆ, ಅದರಲ್ಲಿ 600 ಮಿಲಿಗ್ರಾಂ ರಿಫಾಂಪಿಸಿನ್, ಆರು ತಿಂಗಳು.

ದರ್ಜಿ ಹಿರಿಯರ ಮೂಗಿನಿಂದ ಮೊದಲ ದಿನ ತೆಗೆದ ಸ್ಟ್ಯಾಫಿಲೊಕಾಕಸ್ ಎಪಿಡರ್ಮಿಡಿಸ್ ಅನ್ನು ನಾನು ಫ್ರೀಜರಿನಲ್ಲಿ ಇಟ್ಟಿದ್ದೆ. ಇದು ಬಹುತೇಕ ಎಲ್ಲರ ಚರ್ಮ, ಮೂಗಿನಲ್ಲಿ ಇರುವ ಸಾಧು ಬ್ಯಾಕ್ಟೀರಿಯಾ. ಎರಡನೆಯ ತಿಂಗಳಲ್ಲಿ ತೆಗೆದದ್ದನ್ನೂ ಅದನ್ನೂ ಒಂದೇ ದಿನ ಎರಡು ಪ್ಲೇಟುಗಳ ಮೇಲೆ ಹತ್ತಿಯ ಕಡ್ಡಿಯಿಂದ ಸಮನಾಗಿ ಸವರಿ, ನಡುವೆ 5 ಮೈಕ್ರೊಗ್ರಾಂ ರಿಫಾಂಪಿಸಿನ್ ಇರುವ ಕಾಗದದ ಬಿಲ್ಲೆ ಇಟ್ಟು ರಾತ್ರಿ ಬಿಟ್ಟೆ. ಬೆಳಿಗ್ಗೆ ಮೊದಲ ಪ್ಲೇಟಿನಲ್ಲಿ ಬಿಲ್ಲೆಯ ಸುತ್ತ ಚಂದ್ರನ ಸುತ್ತ ಕಟ್ಟುವ ಕೆರೆಯ ಹಾಗೆ ಅಗಲವಾದ ತಿಳಿ ವೃತ್ತ. ಎರಡನೆಯದರಲ್ಲಿ ವೃತ್ತವೇ ಇಲ್ಲ. ಮಂಜು ಮುಸುಕಿದಂತೆ ಬೆಳೆದ ಬ್ಯಾಕ್ಟೀರಿಯಾ ಬಿಲ್ಲೆಯ ಅಂಚಿಗೇ ಬಂದು ತಾಗಿತ್ತು, ಕಿತ್ತಳೆ ಬಣ್ಣದ ಕಾಗದ ಅದರ ನಡುವೆ ಸುಮ್ಮನೆ ಕೂತಿತ್ತು. ಬೇರೆ ಔಷಧಗಳ ಬಿಲ್ಲೆಗಳಿಗೆ ಎರಡೂ ಒಂದೇ ಥರ ಸ್ಪಂದಿಸಿದವು. ಅಂದರೆ ಹೊರಗಿನಿಂದ ಹೊಸದು ಬಂದದ್ದಕ್ಕಿಂತ ಇದ್ದದ್ದೇ ಬದಲಾಗಿರುವ ಸಂಭವ ಹೆಚ್ಚು. ರಿಫಾಂಪಿಸಿನ್ ಹಿಡಿದು ನಿಲ್ಲಿಸುವ ಆ ಯಂತ್ರದ ಆರ್‌ಪಿಒಬಿ ಎಂಬ ಜೀನನ್ನು ಓದಿಸಿದಾಗ ಒಂದೇ ಒಂದು ಅಕ್ಷರ ಬದಲಾಗಿತ್ತು. ಕ್ಷಯದ ಕ್ರಿಮಿಯಲ್ಲಿ ಇದೇ ಜೀನಿನ ಬದಲಾವಣೆಯನ್ನೇ ಕಫದ ಡಿಎನ್‌ಎಯಲ್ಲಿ ಕ್ಷಯ ಪತ್ತೆಮಾಡುವ ಸಿಬಿನಾಟ್ ಯಂತ್ರ ದಿನವೂ ಹುಡುಕುತ್ತದೆ. ಅವರ ಕ್ಷಯದ ಕ್ರಿಮಿಯಲ್ಲಿ ಅದು ಇರಲಿಲ್ಲ, ನಾಲ್ಕು ಔಷಧಗಳು ತಮ್ಮ ಕೆಲಸ ಮಾಡಿದ್ದವು.

ಎಲ್ಲರಲ್ಲೂ ಹೀಗಾಗಲಿಲ್ಲ. ಮೂಗಿನಲ್ಲಿ ಸ್ಟ್ಯಾಫಿಲೊಕಾಕಸ್ ಆರಿಯಸ್ ಇದ್ದವರಲ್ಲಿ ಹೆಚ್ಚಿನವರಿಂದ ಅದು ಕಾಣೆಯೇ ಆಯಿತು. ಒಬ್ಬರಲ್ಲಿ ಮಾತ್ರ ರಿಫಾಂಪಿಸಿನ್‌ಗೆ ಜಗ್ಗದ್ದು ಉಳಿಯಿತು. ದರ್ಜಿ ಹಿರಿಯರಲ್ಲಿ ಚಿಕಿತ್ಸೆ ಮುಗಿದು ಆರು ತಿಂಗಳಾದ ಮೇಲೂ ಬದಲಾದ ಎಪಿಡರ್ಮಿಡಿಸ್ ಹಳೆಯದರ ಜೊತೆ ಬೆರೆತು ಸಿಗುತ್ತಿತ್ತು.

ಇದನ್ನು ವಿವರಿಸಿದಾಗ ಹಿರಿಯರು ಗಾಬರಿಯಾದರು. "ಹಾಗಾದರೆ ಮಾತ್ರೆ ತಗೊಂಡಿದ್ದು ತಪ್ಪಾಯಿತಾ ಮೇಡಂ?" ಇಲ್ಲ ಎಂದು ಅವರ ಕೈ ಹಿಡಿದು ಹೇಳಿದೆ. ಔಷಧಗಳಿಲ್ಲದ ಕಾಲದಲ್ಲಿ ಕಫದಲ್ಲಿ ಕ್ರಿಮಿ ಕಂಡ ನೂರು ರೋಗಿಗಳಲ್ಲಿ ಸುಮಾರು 70 ಮಂದಿ ಹತ್ತು ವರ್ಷದೊಳಗೆ ಸಾಯುತ್ತಿದ್ದರು. ಅವರು ಇಂದು ಮೆಷಿನ್ ತುಳಿಯುತ್ತಿರುವುದು ಆ ಮಾತ್ರೆಗಳಿಂದ. ಮೂಗಿನ ಸಾಧು ಬ್ಯಾಕ್ಟೀರಿಯಾ ಬದಲಾದದ್ದರಿಂದ ಅವರಿಗೆ ಅಂದು ಯಾವ ತೊಂದರೆಯೂ ಇರಲಿಲ್ಲ. ತಿಳಿದಿರಬೇಕಾದವರು ಅವರಲ್ಲ, ಮುಂದೆ ಅವರಿಗೆ ಔಷಧ ಬರೆಯುವ ನಾವು.

ಏಕೆಂದರೆ ಕೃತಕ ಕೀಲು ಹಾಕಿದ ಮಂಡಿಗೋ ಸೊಂಟಕ್ಕೋ ಸ್ಟ್ಯಾಫಿಲೊಕಾಕಸ್ ಸೋಂಕು ತಗುಲಿದರೆ ವೈದ್ಯರು ಇನ್ನೊಂದು ಔಷಧದ ಜೊತೆ ಸೇರಿಸಿ ಕೊಡುವುದು ಇದೇ ರಿಫಾಂಪಿಸಿನ್ ಅನ್ನು. ಲೋಹಕ್ಕೆ ಅಂಟಿಕೊಂಡ ಬ್ಯಾಕ್ಟೀರಿಯಾ ಪದರದೊಳಗೆ ಹೊಕ್ಕು ಕೆಲಸ ಮಾಡುವ ಔಷಧಗಳು ಕಡಿಮೆ. ಆ ಸೋಂಕು ಬಹಳ ಸಲ ರೋಗಿಯ ಸ್ವಂತ ಚರ್ಮ, ಮೂಗಿನಿಂದಲೇ ಬಂದಿರುತ್ತದೆ. ಹಿಂದೆ ಕ್ಷಯದ ಚಿಕಿತ್ಸೆ ಪಡೆದವರಲ್ಲಿ ಆ ಔಷಧ ನಡೆಯುತ್ತದೆ ಎಂದು ಪರೀಕ್ಷಿಸದೆ ನಂಬಬಾರದು. ಹಾಗೆಯೇ, ಕ್ಷಯ ವಾಸಿಯಾದವರು ಮತ್ತೆ ಕೆಮ್ಮಿಕೊಂಡು ಬಂದರೆ ಸಿಬಿನಾಟ್ ಒಂದನ್ನೇ ನೆಚ್ಚಬಾರದು, ಅದು ಸತ್ತ ಕ್ರಿಮಿಯ ಡಿಎನ್‌ಎಯನ್ನೂ ಎತ್ತಿ ತೋರಿಸಬಲ್ಲದು. ಅದೇ ಕಫದಲ್ಲಿ ಒಂದು ಪಾಲನ್ನು ಕಾಸ್ಟಿಕ್ ಸೋಡಾ ಸೋಕಿಸುವ ಮೊದಲೇ ಸಾದಾ ಕಲ್ಚರ್‌ಗೆ ಎತ್ತಿಡಬೇಕು. ನಮ್ಮಲ್ಲಿ ಈಗ ಹಾಗೆ ಮಾಡುತ್ತೇವೆ. ಬ್ಲಡ್ ಅಗರ್ ಒಂದು, ಹೀಮೊಫಿಲಸ್‌ಗಾಗಿ ಕಾಯಿಸಿದ ರಕ್ತದ ಚಾಕೊಲೇಟ್ ಅಗರ್ ಒಂದು. ಖರ್ಚು ಏನೂ ಅಲ್ಲ.

ಪರೀಕ್ಷೆಗೆ ಕಳಿಸುವ ಅರ್ಜಿಯಲ್ಲಿ ನಾನು ಒಂದು ಸಾಲು ಸೇರಿಸಿದೆ: 'ಹಿಂದೆ ಟಿಬಿ ಚಿಕಿತ್ಸೆ ಪಡೆದಿದ್ದಾರೆಯೇ? ಯಾವ ವರ್ಷ?' ಮೊದಲ ಕೆಲವು ತಿಂಗಳು ಅದು ಖಾಲಿಯಾಗಿಯೇ ಬರುತ್ತಿತ್ತು. ಖಾಲಿ ಬಂದಾಗಲೆಲ್ಲ ವಾರ್ಡಿಗೆ ಫೋನ್ ಮಾಡಿ ಕೇಳುತ್ತಿದ್ದೆ. ಈಗ ಮೂಳೆ ವಿಭಾಗದ ನರ್ಸ್‌ಗಳು ತಾವೇ ಕೇಳಿ ಬರೆಯುತ್ತಾರೆ. ಮೊನ್ನೆ ಕೀವಿನ ಜೊತೆ ಬಂದ ಒಂದು ಅರ್ಜಿಯಲ್ಲಿ ವರ್ಷದ ಮುಂದೆ ದುಂಡನೆಯ ಅಕ್ಷರದಲ್ಲಿ 'ಕುತ್ತಿಗೆ ಗಂಟಿನ ಟಿಬಿ, ಆರು ತಿಂಗಳು, ಪೂರ್ತಿ ಮುಗಿಸಿದ್ದಾರೆ' ಎಂದೂ ಇತ್ತು. ಆ ಕೀವಿನ ಪ್ಲೇಟಿನ ಮೇಲೆ ರಿಫಾಂಪಿಸಿನ್ ಬಿಲ್ಲೆಯನ್ನು ನಾನೇ ಇಟ್ಟೆ.